ಕ್ಲೈಮ್ಯಾಕ್ಸ್ ಕಾಣದ ಕ್ಲೈಮ್ಯಾಕ್ಸಪ್ಪ

"ನಾಳೆ ನೋಡ್ತಿರು! ಸಿನಿಮಾ ಶುರುವಾದಾಗಿಂದ ಪರದೆ ಮೇಲೆ 'ಶುಭಂ' ಬೀಳೋವರೆಗೂ ನಾನು ಒಂದೇ ಒಂದು ಸಲ ಕಣ್ಣು ಮುಚ್ಚಿದ್ರೆ ಕೇಳು!"

ಟೈಮ್‌ಕೀಪರ್ ಸಾಹೇಬರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಶನಿವಾರ ಸಂಜೆ, ಬಾತಿದ್ದ ಎರಡೂ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು. ಎದುರಿಗೆ ಅವರ ಹೆಂಡತಿ, ಒಂದನೇ ಕ್ಲಾಸಿನ ಟೀಚರಮ್ಮ, ಅರವತ್ತು ಮಕ್ಕಳ ಕಾಪಿ ಪುಸ್ತಕ ಗುಡ್ಡೆ ಹಾಕಿಕೊಂಡು ಕೂತಿದ್ದರು. ಅವರು ತಲೆ ಎತ್ತಲಿಲ್ಲ. ಕೆಂಪು ಪೆನ್ನು ನಿಲ್ಲಲಿಲ್ಲ.

"ಮುಚ್ಚಿ, ಪರವಾಗಿಲ್ಲ. ಮುಚ್ಚಿದ್ದನ್ನ ವಾಪಸ್ ತೆರೀರಿ, ಅಷ್ಟು ಸಾಕು" ಅಂದರು.

ಸಾಹೇಬರಿಗೆ ಕೊಂಚ ಚುರುಕ್ ಅಂತು.

ಬಸ್ ಡಿಪೋದಲ್ಲಿ ಅವರದ್ದು ಇಪ್ಪತ್ತೆರಡು ವರ್ಷದ ನೌಕರಿ. ಮೊದಲ ಬಸ್ಸು ಬೆಳಗಿನ ಐದಕ್ಕೆ ಹೊರಡುತ್ತದೆ. ಅದನ್ನು ಹೊರಡಿಸುವವರು ನಾಲ್ಕೂವರೆಗೇ ಕಿಟಕಿ ಮುಂದೆ ಹಾಜರಿರಬೇಕು. ಊರಿನ ಬಸ್ಸುಗಳೆಲ್ಲ ಅವರ ಸೀಟಿ ಕೇಳಿ ಎಚ್ಚರವಾಗುತ್ತಿದ್ದವು, ಅವರೊಬ್ಬರನ್ನು ಬಿಟ್ಟು! ನಿದ್ದೆ ಅವರ ಬೆನ್ನ ಮೇಲೆ ಸಾಲ ಕೊಟ್ಟವನಂತೆ ಕೂತೇ ಇರುತ್ತಿತ್ತು. ಕ್ಷೌರದ ಕುರ್ಚಿಯಲ್ಲಿ ನಿದ್ದೆ. ಹಲ್ಲಿನ ಡಾಕ್ಟರು "ಬಾಯಿ ತೆಗೀರಿ" ಅಂದರೆ ತೆಗೆದ ಬಾಯಲ್ಲೇ ನಿದ್ದೆ. ಒಮ್ಮೆ ಡಿಪೋದ ಹಳೇ ಡ್ರೈವರೊಬ್ಬರು ತೀರಿಕೊಂಡಾಗ ಎಲ್ಲರೂ ಎರಡು ನಿಮಿಷ ಮೌನ ನಿಂತರು. ಮಿಕ್ಕವರು ಮೌನ ಮುಗಿಸಿ ಕೆಲಸಕ್ಕೆ ಹೋದರೂ ಸಾಹೇಬರು ತಲೆ ತಗ್ಗಿಸಿ ಕೈಕಟ್ಟಿ ನಿಂತೇ ಇದ್ದರು. "ಪಾಪ, ಎಷ್ಟು ಹಚ್ಚಿಕೊಂಡಿದ್ರು ನೋಡಿ" ಎಂದು ಜನ ಕಣ್ಣೊರೆಸಿಕೊಂಡರು.

ಇಂಥವರಿಗೆ ಹುಚ್ಚು ಯಾವುದರದ್ದು? ಸಿನಿಮಾದ್ದು!

ತಿಂಗಳಿಗೊಂದು ಭಾನುವಾರ ಇಬ್ಬರು ಹೆಣ್ಣುಮಕ್ಕಳನ್ನು ಅಜ್ಜಿಯ ವಶಕ್ಕೆ ಒಪ್ಪಿಸಿ ಗಂಡಹೆಂಡಿರು ಮ್ಯಾಟಿನಿಗೆ ಹೋಗುವುದು ತಪ್ಪದ ಪದ್ಧತಿ. ಇಂಟರ್ವಲ್‌ವರೆಗೆ ಸಾಹೇಬರು ಹದ್ದಿನ ಕಣ್ಣಿನವರು. ಹಾಡು ಬಂದರೆ ಕಾಲಲ್ಲೇ ತಾಳ. ಇಂಟರ್ವಲ್ ಮುಗಿದು ದೀಪ ಆರಿತೋ, ಅವರೂ ಆರಿದರು. ಹೀಗಾಗಿ ಅವರು ನೋಡಿದ ಯಾವ ಸಿನಿಮಾದಲ್ಲೂ ಯಾರೂ ಸತ್ತಿಲ್ಲ, ಯಾರಿಗೂ ಮದುವೆ ಆಗಿಲ್ಲ, ಒಬ್ಬ ಕಳ್ಳನೂ ಸಿಕ್ಕಿಬಿದ್ದಿಲ್ಲ. ಇದ್ದಬದ್ದವರೆಲ್ಲ ಪಾಪ, ಗಾಬರಿ ಮುಖ ಹೊತ್ತು ಇಂಟರ್ವಲ್‌ನಲ್ಲೇ ನಿಂತಿದ್ದಾರೆ.

ಮತ್ತೆ ಡಿಪೋದಲ್ಲಿ ಅವರ ಅಡ್ಡಹೆಸರೇನು ಗೊತ್ತೇ? ಕ್ಲೈಮ್ಯಾಕ್ಸಪ್ಪ!

ಸೋಮವಾರ ಊಟದ ಹೊತ್ತಿಗೆ ಡ್ರೈವರುಗಳು, ಕಂಡಕ್ಟರುಗಳು, ಹೆಡ್ ಮೆಕ್ಯಾನಿಕ್ ಎಲ್ಲ ಅವರ ಸುತ್ತ ಬೆಂಚು ಎಳೆದುಕೊಂಡು ಕೂರುತ್ತಿದ್ದರು. ಅವರಿಗೆ ಸಿನಿಮಾಕ್ಕೆ ಹೋಗಲು ಬಿಡುವೆಲ್ಲಿ? ಸಾಹೇಬರು ಹೇಳಿದ್ದೇ ಸಿನಿಮಾ. ಸಾಹೇಬರು ಟಿಫಿನ್ ಡಬ್ಬಿಯ ಮುಚ್ಚಳ ಬಡಿದರೆ ಗುಡುಗು, ಚಮಚ ಉಜ್ಜಿದರೆ ಕತ್ತಿವರಸೆ, ಮೂಗಿನಲ್ಲಿ ಎಳೆದರೆ ಪಿಟೀಲು. ಕ್ಲೈಮ್ಯಾಕ್ಸ್ ಬರುವ ಹೊತ್ತಿಗೆ ತುತ್ತು ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಆ ಕ್ಲೈಮ್ಯಾಕ್ಸು ಅವರಿಗೆ ಸಿಗುತ್ತಿದ್ದುದು ಮಾತ್ರ ಭಾನುವಾರ ವಾಪಸ್ ಬರುವ ಬಸ್ಸಿನಲ್ಲಿ, ಟೀಚರಮ್ಮನ ಬಾಯಿಂದ. ಇದು ಡಿಪೋದಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ.

"ನಂಗೂ ಸಾಕಾಗಿದೆ ರೀ. ವಾರವೆಲ್ಲ ಮಕ್ಕಳ ಹತ್ರ ಕಿರುಚಿ, ಭಾನುವಾರ ಬಸ್ಸಲ್ಲಿ ನೇತಾಡ್ಕೊಂಡು ನಿಮಗೆ ಕಥೆ ಹೇಳ್ಬೇಕು" ಎಂದು ಕಳೆದ ತಿಂಗಳು ಟೀಚರಮ್ಮ ಅಂದಿದ್ದರು. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ.

ಭಾನುವಾರ ಸಾಹೇಬರು ಯುದ್ಧಕ್ಕೆ ಹೊರಟಂತೆ ಹೊರಟರು. ಡಿಕಾಕ್ಷನ್ ಮಾತ್ರ ಕಾಣುವಂಥ ಎರಡು ಲೋಟ ಕಾಫಿ. ಜೇಬಲ್ಲಿ ತಲೆನೋವಿನ ಮುಲಾಮು. ಸಿನಿಮಾ ಅಪ್ಪ ಮಗನದ್ದು. ಅಪ್ಪ ಪಿಟೀಲು ನುಡಿಸುವವನು, ಮಗ ಹಾಡುಗಾರ. ಯಾವುದೋ ಮಾತಿಗೆ ಮಾತು ಬೆಳೆದು ಮಗ ಮನೆ ಬಿಟ್ಟು ಹೋದ. ಅಪ್ಪ ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬನೇ ಕೂತ. ಇಂಟರ್ವಲ್!

ಇನ್ನು ಕಾದಾಟ. ಸಾಹೇಬರು ಮುಲಾಮು ತೆಗೆದು ಎರಡೂ ಕಣ್ಣಿನ ಕೆಳಗೆ ಧಾರಾಳವಾಗಿ ಬಳಿದರು. ಕಣ್ಣಲ್ಲಿ ಕೋಡಿ ಹರಿಯಿತು.

"ಯಾಕ್ರೀ ಅಳ್ತಿದೀರಾ? ಈಗ ತೋರಿಸ್ತಿರೋದು ಸೋಪಿನ ಜಾಹೀರಾತು" ಎಂದರು ಟೀಚರಮ್ಮ.

"ಸುಮ್ನಿರೇ, ಎಚ್ಚರವಾಗಿದೀನಿ!"

ಹತ್ತು ನಿಮಿಷಕ್ಕೆ ಮುಲಾಮಿನ ಉರಿ ಇಳಿದು ತಂಪಾಯಿತು. ಹಾಳಾದ್ದು, ತಂಪಾದರೆ ಇನ್ನೂ ನಿದ್ದೆ! ಸಾಹೇಬರು ಥಟ್ಟನೆ ಎದ್ದು ನಿಂತರು. "ಏಯ್, ಕೂತ್ಕೊಳ್ರೀ! ನಿಮ್ಮ ಬೆನ್ನು ನೋಡೋಕೆ ಬಂದಿದೀವಾ?" ಎಂದು ಹಿಂದಿನ ಸಾಲು ಕೂಗಿತು. ಕೂತರು. ಕೂತದ್ದೇ ತಪ್ಪಾಯಿತು.

"ಏಳಿ, ಏಳಿ. ದೀಪ ಹಾಕಿದ್ರು."

ಸಾಹೇಬರು ಕಣ್ಣು ಬಿಟ್ಟರು. ಪರದೆ ಬೆಳ್ಳಗೆ, ಖಾಲಿ. ಜನ ಬಾಗಿಲಲ್ಲಿ ಕರಗುತ್ತಿದ್ದರು. ಟೀಚರಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದರು. ಬೈಯಲಿಲ್ಲ. ಬೈಯುವುದಕ್ಕೂ ಶಕ್ತಿ ಬೇಕಲ್ಲ!

ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಜೋತಾಡುತ್ತ ಸಾಹೇಬರು ಮೆಲ್ಲಗೆ ಕೇಳಿದರು, "ಆಮೇಲೆ ಏನಾಯ್ತೇ?"

"ಆಮೇಲಾ?" ಟೀಚರಮ್ಮ ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದರು. "ಆಮೇಲೆ... ಮಗ ದೊಡ್ಡ ಹಾಡುಗಾರ ಆದ. ಇತ್ತ ಅಪ್ಪನಿಗೆ ಕಿವಿ ಹೋಯ್ತು. ಪೂರ್ತಿ ಕಿವುಡು. ಒಂದು ದಿನ ಅದೇ ಸ್ಟೇಷನ್‌ನಲ್ಲಿ ಇಬ್ಬರೂ ಎದುರು ಬದುರು ಸಿಕ್ಕಿದ್ರು. ಮಗ ತಪ್ಪಾಯ್ತಪ್ಪ ಅಂತಾನೆ, ಅಪ್ಪನಿಗೆ ಕೇಳ್ಸಲ್ಲ. ಕೊನೆಗೆ ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟ ಹಾಡನ್ನೇ ಹಾಡ್ತಾನೆ. ಅಪ್ಪ ಏನು ಮಾಡ್ತಾನೆ ಹೇಳಿ? ಪಿಟೀಲು ಹಿಡಿದು ಗಟ್ಟಿಯಾದ ಬೆರಳುಗಳನ್ನ ಮಗನ ಗಂಟಲ ಮೇಲೆ ಇಡ್ತಾನೆ. ಬೆರಳಲ್ಲೇ ಪೂರ್ತಿ ಹಾಡು ಕೇಳ್ತಾನೆ. ಕೇಳಿ, 'ಎರಡನೇ ಸಾಲಲ್ಲಿ ಶ್ರುತಿ ತಪ್ಪಿದೀಯ' ಅಂತಾನೆ. ಶುಭಂ."

ಸಾಹೇಬರು ಅಂಗಿಯ ತೋಳಲ್ಲಿ ಮೂಗೊರೆಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಕಥೆ ಕೇಳುತ್ತ ತಾವು ಇಳಿಯುವ ಸ್ಟಾಪು ತಪ್ಪಿಸಿಕೊಂಡರು!

ಸೋಮವಾರದಂಥ ಆಟ ಡಿಪೋದ ಇತಿಹಾಸದಲ್ಲೇ ಹಿಂದೆಂದೂ ಆಗಿರಲಿಲ್ಲ. ಸಾಹೇಬರು ಮೂಗಿನಲ್ಲಿ ಪಿಟೀಲು ಎಳೆಯುತ್ತ ತಮ್ಮ ಬೆರಳುಗಳನ್ನು ಹೆಡ್ ಮೆಕ್ಯಾನಿಕ್‌ನ ದಪ್ಪ ಗಂಟಲ ಮೇಲೆ ಇಟ್ಟರು. ಎಂಜಿನ್ ಬಿಚ್ಚುವ ಆ ಆರಡಿ ಆಳು ಗ್ರೀಸು ಮೆತ್ತಿದ ತೋಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ನೋಡಿದರೆ ಡಿಪೋ ಮ್ಯಾನೇಜರು! ನಗುವನ್ನೇ ಕಾಣದ ಮುಖ. ಕನ್ನಡಕ ತೆಗೆದು ಒರೆಸುತ್ತಿದ್ದರು.

"ಯಾವ ಥಿಯೇಟರ್ರೀ?" ಎಂದು ಕೇಳಿದರು.

ಸಾಹೇಬರು ಹೇಳಿದರು.

"ನಮ್ಮ ತಂದೆಗೂ ಕಿವಿ ಕೇಳ್ಸಲ್ಲ. ಒಂದೇ ಮನೇಲಿದ್ರೂ ಮಾತು ಬಿಟ್ಟು ನಾಲ್ಕು ತಿಂಗಳಾಯ್ತು. ಕರ್ಕೊಂಡು ಹೋಗ್ತೀನಿ" ಎಂದವರೇ ಹೊರಟುಹೋದರು.

ಸಾಹೇಬರ ಎದೆ ಎರಡಿಂಚು ಉಬ್ಬಿತು. ಮೆಕ್ಯಾನಿಕ್ಕೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗುವುದೆಂದಾಯಿತು. ನಾಲ್ಕು ಡ್ರೈವರುಗಳು ಪಾಳಿ ಬದಲಿಸಿಕೊಂಡರು. ಬುಧವಾರ ಸಂಜೆಯ ಆಟಕ್ಕೆ ಅರ್ಧ ಡಿಪೋ ಥಿಯೇಟರಿನಲ್ಲಿತ್ತು.

ಗುರುವಾರ ಸಾಹೇಬರು ಕಿಟಕಿಯಲ್ಲಿ ಕೂತು "ಹೇಗಿತ್ತು?" ಎಂದು ಹಲ್ಲುಕಿರಿದರು. ಡ್ರೈವರುಗಳು ಲಾಗ್‌ಷೀಟನ್ನು ಕುಕ್ಕಿ ಹೋದರು. ಕೊನೆಗೆ ಹೆಡ್ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಬಂದ.

"ಕ್ಲೈಮ್ಯಾಕ್ಸಪ್ಪನೋರೇ, ಗಂಟಲೆಲ್ಲಿ? ಬೆರಳೆಲ್ಲಿ?"

"ಅಂದ್ರೆ?"

"ಇಂಟರ್ವಲ್ ಆಗಿ ಅರ್ಧ ಗಂಟೆಗೆ ಅಪ್ಪನಿಗೆ ಲಾರಿ ಗುದ್ದಿ ಸತ್ತೇ ಹೋದ! ಪಿಟೀಲೂ ಪುಡಿ! ಆಮೇಲೆ ಮಗ ಹೆಲಿಕಾಪ್ಟರಲ್ಲಿ ನೇತಾಡ್ಕೊಂಡು ಗುಂಡು ಹಾರಿಸ್ತಾನೆ, ನೇತಾಡ್ಕೊಂಡೇ ಡ್ಯಾನ್ಸು ಮಾಡ್ತಾನೆ. ನನ್ನ ಹೆಂಡತಿ ಕರವಸ್ತ್ರ ಹಿಡ್ಕೊಂಡು ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದಳು. ಒಣಾ ಕರವಸ್ತ್ರ ವಾಪಸ್ ಬಂತು ಮನೆಗೆ!"

ಸಾಹೇಬರು ಲಾಗ್‌ಷೀಟಿನ ಹಿಂದೆ ಮುಖ ಮರೆಮಾಡಿಕೊಂಡರು. ಅಷ್ಟರಲ್ಲಿ ಮ್ಯಾನೇಜರರ ಕರೆ ಬಂತು.

ಮ್ಯಾನೇಜರು ಕುರ್ಚಿ ತೋರಿಸಿದರು. ಕೂತರೆ ನಿದ್ದೆ ಬರುವ ಮನುಷ್ಯನಿಗೆ ಅವತ್ತು ಕೂತರೂ ನಿದ್ದೆ ಬರಲಿಲ್ಲ.

"ನಮ್ಮ ತಂದೆ ಥಿಯೇಟರ್ ಪೂರ್ತಿ ಕೇಳೋ ಹಾಗೆ 'ಈ ಹೆಲಿಕಾಪ್ಟರ್ ಯಾರದೋ? ಇವನು ಯಾಕೋ ಕೆಳಗೆ ಇಳೀತಿಲ್ಲ?' ಅಂತ ಕೂಗ್ತಿದ್ರು. ಜನ ಬೈದ್ರು. ಕೊನೆಗೆ ನಾನು ಅವರ ಕಿವಿಗೆ ಬಾಯಿ ಇಟ್ಟು ನೀವು ಹೇಳಿದ ಕಥೆ ಹೇಳ್ದೆ. ಮೇಲೆ ಹೆಲಿಕಾಪ್ಟರ್ ಗದ್ದಲ, ಇಲ್ಲಿ ನಾನು ಸ್ಟೇಷನ್ನು, ಬೆಂಚು, ಹಾಡು..." ಮ್ಯಾನೇಜರು ನಿಲ್ಲಿಸಿದರು. ನೀರು ಕುಡಿದರು. "ಪೂರ್ತಿ ಕೇಳ್ಸಿತೋ ಇಲ್ವೋ. ಬೆರಳು ತಂದು ನನ್ನ ಗಂಟಲ ಮೇಲೆ ಇಟ್ರು. ಇವತ್ತು ಬೆಳಿಗ್ಗೆ ಕಾಫಿ ಆಯ್ತೇನೋ ಅಂತ ಕೇಳಿದ್ರು."

ಮ್ಯಾನೇಜರು ನೀರಿನ ಲೋಟ ಪಕ್ಕಕ್ಕಿಟ್ಟರು.

"ಈಗ ನಿಜ ಹೇಳಿ. ನೀವು ನೋಡಿದ್ದು ಯಾವ ಸಿನಿಮಾ?"

ಸಾಹೇಬರು ಸೋತರು. ಇಪ್ಪತ್ತೆರಡು ವರ್ಷದ ಸುಸ್ತು ಒಟ್ಟಿಗೇ ಬಂದು ಹೆಗಲ ಮೇಲೆ ಕೂತಿತು. "ನಾನು ಇಂಟರ್ವಲ್ ಆದ್ಮೇಲೆ ಮಲಗಿಬಿಡ್ತೀನಿ ಸಾರ್. ಯಾವಾಗಲೂ ಅಷ್ಟೇ. ನಮ್ಮ ಮನೆಯವಳು ಹೇಳಿದ್ದನ್ನ ನಾನು ಇಲ್ಲಿ ಹೇಳ್ತೀನಿ" ಎಂದು ಎಲ್ಲ ಒಪ್ಪಿಕೊಂಡರು.

ಮ್ಯಾನೇಜರು ಕನ್ನಡಕ ಮೇಲೇರಿಸಿಕೊಂಡರು. "ಹಾಗಾದ್ರೆ ನಿಮ್ಮ ಮನೆಯವರು ನೋಡಿದ್ದು ಯಾವ ಸಿನಿಮಾ?"

ಹೌದಲ್ಲ! ಸಾಹೇಬರು ಪಾಳಿ ಮುಗಿದದ್ದೇ ಮನೆಗೆ ಧಾವಿಸಿದರು. ಟೀಚರಮ್ಮ ಆಗಷ್ಟೇ ಸ್ಕೂಲಿನಿಂದ ಬಂದು, ಸೀಮೆಸುಣ್ಣದ ಕೈಯನ್ನೂ ತೊಳೆಯದೆ, ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು.

"ಏನೇ ಇದು! ಅಪ್ಪನಿಗೆ ಲಾರಿ ಗುದ್ದಿತಂತೆ! ಹೆಲಿಕಾಪ್ಟರ್ ಬಂತಂತೆ! ನಂಗೆ ಯಾಕೆ ಸುಳ್ಳು ಕಥೆ ಹೇಳಿದೆ?"

"ಲಾರಿನಾ?" ಟೀಚರಮ್ಮ ಕಣ್ಣರಳಿಸಿದರು. "ಹೌದಾ? ಅಯ್ಯೋ ಪಾಪ. ಒಳ್ಳೇ ಮನುಷ್ಯ."

"ಅಂದ್ರೆ ನೀನು ನೋಡ್ಲಿಲ್ವಾ?"

"ಸೋಪಿನ ಜಾಹೀರಾತು ನೋಡಿದ್ದು ನೆನಪಿದೆ. ಆಮೇಲೆ ದೀಪ ಹಾಕಿದಾಗಲೇ ನಂಗೂ ಎಚ್ಚರ."

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇದೊಂದೇ ಸಿನಿಮಾ ತಾನೇ?"

"ಚಿಕ್ಕವಳು ಹುಟ್ಟಿದ ಮೇಲೆ ನಾನು ಯಾವ ಸಿನಿಮಾನೂ ಪೂರ್ತಿ ನೋಡಿಲ್ಲ ರೀ."

ಚಿಕ್ಕವಳಿಗೆ ಈಗ ಒಂಬತ್ತು ವರ್ಷ.

"ಮತ್ತೆ ಅಷ್ಟೂ ಕ್ಲೈಮ್ಯಾಕ್ಸು?"

"ಅರವತ್ತು ಮಕ್ಕಳನ್ನ ದಿನಾ ಮಧ್ಯಾಹ್ನ ಕಥೆ ಹೇಳಿ ಸುಮ್ಮನಿರಿಸ್ತೀನಿ. ನೀವು ಅರವತ್ತೊಂದನೆಯವರು."

"ಒಂಬತ್ತು ವರ್ಷ ಪಕ್ಕದಲ್ಲೇ ಮಲಗಿದ್ದೀಯ, ನಂಗೆ ಗೊತ್ತೇ ಆಗ್ಲಿಲ್ವಲ್ಲೇ!"

"ಹೇಗೆ ಗೊತ್ತಾಗುತ್ತೆ?" ಟೀಚರಮ್ಮ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದರು. "ನೀವು ಗೊರಕೆ ಹೊಡೀತೀರಿ, ನಾನು ಹೊಡೆಯಲ್ಲ. ಅಷ್ಟೇ ವ್ಯತ್ಯಾಸ."