ಇನ್ನಿಬ್ಬರನ್ನು ಕೇಳುವ ಮಾವ

ನನ್ನ ಸೋದರಮಾವ ದೇವರನ್ನು ನಂಬುತ್ತಾರೆ. ಆದರೆ ಇನ್ನಿಬ್ಬರನ್ನು ಕೇಳಿದ ಮೇಲೆ! ಯಾವ ಮಾತಿಗೂ ಮೂರು ಬಾಯಿಯ ಸಾಕ್ಷಿ ಬೇಕೆನ್ನುವುದು ಅವರ ವ್ರತ.

ಒಮ್ಮೆ ನಂಜನಗೂಡಿನ ಮಾರುಕಟ್ಟೆಯಲ್ಲೇ ನಿಂತು, ರಸಬಾಳೆ ಮಾರುವವನನ್ನು ‘ಇದು ನಂಜನಗೂಡಿಂದೇನಾ?’ ಎಂದು ಕೇಳಿದರು. ಪಕ್ಕದ ಸೊಪ್ಪಿನವಳನ್ನೂ ಕೇಳಿದರು. ಹಣ್ಣಿನವನಿಗೆ ರೇಗಿತು. ‘ನೀವು ನಂಜನಗೂಡಿನೋರೇನಾ ಸಾ?’ ಎಂದ. ಮಾವ ಉತ್ತರಕ್ಕಾಗಿ ಸೊಪ್ಪಿನವಳ ಮುಖ ನೋಡಿದರು!

ನರಸೀಪುರಕ್ಕೆ ಹೊರಟಾಗಲೂ ಅಷ್ಟೇ. ಬಸ್ ಅಲ್ಲಿಗೇ ಹೋಗುತ್ತದೆಯೇ ಎಂದು ಡ್ರೈವರನ್ನು ಕೇಳಿ, ಕಂಡಕ್ಟರನ್ನು ಕೇಳಿ, ಮುಂದಿನ ಸೀಟಿನ ಅಜ್ಜಿಯನ್ನೂ ಕೇಳಿದರು.

‘ಬೋರ್ಡ್ ಕಾಣಕಿಲ್ವಾ ಯಜಮಾನ್ರೇ?’ ಎಂದ ಕಂಡಕ್ಟರ್.

‘ಬೋರ್ಡ್ ಬರ್ದೋನು ಬಸ್ ಓಡಿಸ್ತಾನಾ?’

ಸೋಸಲೆಯ ಆ ಅಜ್ಜಿ, ‘ನಾನೂ ಬೋರ್ಡ್ ನೋಡೇ ಬಸ್ ಅತ್ತಿದ್ದು ಕಣಪ್ಪ, ಈಗ ನಂಗೂ ದಿಗ್ಲಾಯ್ತದೆ’ ಎಂದು ಗಂಟು ಎತ್ತಿಕೊಂಡು ಇಳಿದೇಬಿಟ್ಟಳು!

ಇಂಥವರ ಒಪ್ಪಿಗೆ ನನಗೆ ಬೇಕಾಯಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾವನ ಮಾತೇ ಕೊನೆ. ಎಂ.ಎಸ್ಸಿ. ಮುಗಿದು ಹೈದರಾಬಾದಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಾಗ ಅಮ್ಮ, ‘ಅಣ್ಣ ಊ ಅಂದ್ರೆ ಓಗು’ ಎಂದು ಕೈತೊಳೆದುಕೊಂಡರು.

ಮಾವನಿಗೆ ವಿವರಿಸಿದೆ. ಪ್ರೊಟೀನ್ ಎಂದರೆ ಮಣಿಸರದಂಥದ್ದು. ಬಹುಪಾಲು ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಕೆಲವು ಭಾಗ ಆಕಾರವಿಲ್ಲದೆ ಸಡಿಲವಾಗಿಯೇ ಇರುತ್ತದೆ. ಮಣಿಗಳನ್ನು ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕೊಟ್ಟರೆ, ಯಾವ ಭಾಗ ಸಡಿಲ ಎಂದು ಸಾಫ್ಟ್‌ವೇರ್ ಊಹಿಸುತ್ತದೆ.

‘ನೀನು ಕಣ್ಣಾರೆ ನೋಡಿದ್ದೀಯಾ?’

‘ಇಲ್ಲ ಮಾವ.’

‘ಕಂಪ್ಯೂಟರಾದ್ರೂ ನೋಡೈತಾ?’

‘ಇಲ್ಲ. ಊಹೆ.’

‘ಊಹೆ ಮಾಡಕ್ಕೆ ಐದ್ರಾಬಾದ್ ಯಾಕೆ ಮಗಾ? ನಮ್ ಬೀದೀಲಿ ಎಲ್ರೂ ಅದ್ನೇ ಮಾಡ್ತಾವ್ರೆ!’

ಕೊನೆಗೆ, ತೋರಿಸು ಎಂದರು. ಸೈಬರ್ ಸೆಂಟರಿಗೆ ಕರೆದೊಯ್ದು ಒಂದು ಪ್ರೊಟೀನಿನ ಅಕ್ಷರಸಾಲು ಕೊಟ್ಟೆ. ಒಂದು ಸಾಫ್ಟ್‌ವೇರ್ ಗೆರೆ ಎಳೆದು ತೋರಿಸಿತು: ಅಡ್ಡಗೆರೆಗಿಂತ ಮೇಲಿದ್ದದ್ದು ಸಡಿಲ, ಕೆಳಗಿದ್ದದ್ದು ಗಟ್ಟಿ. ಮಾವ ಮೊದಲು ಪರದೆಯ ಹಿಂದೆ ಬಗ್ಗಿ ನೋಡಿದರು. ಆಮೇಲೆ, ‘ಇನ್ನೊಂದನ್ನ ಕೇಳು’ ಎಂದರು. ಎರಡನೆಯದು ತುದಿಯಲ್ಲಿ ಬೇರೆಯೇ ಹೇಳಿತು. ಮಾವನ ಮುಖದಲ್ಲಿ ಎಂಥ ಗೆಲುವು! ‘ಮೂರ್ನೇದು?’

ನಮ್ಮ ವಿದ್ಯೆಯಲ್ಲೂ ಹಾಗೆಯೇ ಮಾಡುತ್ತೇವೆ. ಒಂದೇ ಸಾಫ್ಟ್‌ವೇರಿನ ಮಾತು ನಂಬದೆ ಹಲವನ್ನು ಕೇಳಿ, ಎಲ್ಲವೂ ಒಪ್ಪಿದ ಭಾಗವನ್ನಷ್ಟೇ ಹೆಚ್ಚು ನೆಚ್ಚುತ್ತೇವೆ. ಇದನ್ನು ಮಾವನಿಗೆ ಹೇಳಲಿಲ್ಲ. ಹೇಳಿದರೆ ಬದುಕಲು ಸಾಧ್ಯವೇ?

‘ಈಗ ನನ್ನೆಸ್ರು ಆಕು!’

ಹೆಸರು ಪ್ರೊಟೀನ್ ಅಲ್ಲ ಎಂದರೂ ಕೇಳಲಿಲ್ಲ. ಸಾಫ್ಟ್‌ವೇರ್ ಒಪ್ಪದ ಎರಡು ಅಕ್ಷರ ಬಿಟ್ಟು, ಉದ್ದ ಸಾಲದೆಂದು ಮತ್ತೆ ಮತ್ತೆ ಜೋಡಿಸಿ ಕೊಟ್ಟೆ. ಗೆರೆ ಒಂದೇ ಏಟಿಗೆ ಮೇಲೆ ಹತ್ತಿ, ಕೆಳಗಿಳಿಯಲೇ ಇಲ್ಲ. ಮಾವ ಆದಿಯಿಂದ ಅಂತ್ಯದವರೆಗೆ ಸಡಿಲ!

ಅವರು ನನ್ನತ್ತ ತಿರುಗಿದರು. ‘ನಿಮ್ಮವ್ವ ಇಲ್ಲಿಗೆ ಬಂದು ಇದ್ಕೆ ಏಳ್ಕೊಟ್ಲಾ?’ ಎಂದರು.

ಆಚೆ ಬಂದು ಟೀ ಅಂಗಡಿಯ ಬೆಂಚಿನಲ್ಲಿ ಕುಳಿತೆವು. ಮಾವ ಲೋಟ ಊದುತ್ತಿದ್ದರು.

‘ಮಗಾ, ಈ ಕೆಲ್ಸ ನಿಂಗೆ ಇಷ್ಟವಾ?’

‘ಇಷ್ಟ ಮಾವ.’

ಇನ್ನಿಬ್ಬರು ಸಾಕ್ಷಿಗಳನ್ನು ನಾನು ಮೊದಲೇ ಸಿದ್ಧಪಡಿಸಿದ್ದೆ: ನಮ್ಮ ಮೇಷ್ಟ್ರು ಮತ್ತು ಹಾಸ್ಟೆಲಿನ ಗೆಳತಿ. ಇಬ್ಬರ ಫೋನ್ ನಂಬರೂ ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಂಡಿದ್ದೆ. ಎದುರಿಗೇ ಎಸ್‌ಟಿಡಿ ಬೂತ್.

ಮಾವ ಲೋಟ ಕೆಳಗಿಟ್ಟು ಎದ್ದರು. ‘ನಡಿ, ಒಳ್ಳೆ ಪೆಟ್ಟಿಗೆ ತರಬೇಕು. ಬೀಗ ಗಟ್ಟಿ ಇರೋದು.’

ನಾನೇ ತಡೆಯಲಾರದೆ ಕೇಳಿದೆ: ‘ಇನ್ನಿಬ್ಬರನ್ನು ಕೇಳಲ್ವಾ ಮಾವ?’

‘ನಿಂಗೆ ಇಷ್ಟವಾ ಅಂತ ಇನ್ಯಾರ್ನ ಕೇಳ್ಲಿ?’ ಎಂದು ಮುಂದೆ ನಡೆದರು.

ಚೀಟಿ ನನ್ನ ಮುಷ್ಟಿಯಲ್ಲೇ ಬೆವರಿಗೆ ಮುದ್ದೆಯಾಗಿತ್ತು.