ಸದ್ದಿಲ್ಲದ ಗಾಡಿ ನಮ್ಮದಲ್ಲ

ನಮ್ಮವರು ಹೋಗುವ ಹಿಂದಿನ ದಿನ ಅಣ್ಣ ತಮ್ಮ ಇಬ್ಬರೂ ಎಂದಿನಂತೆ ಜಗಳವಾಡಿದರು. ಆಸ್ತಿಯ ಜಗಳವಲ್ಲ. ಎಂಜಿನ್ನಿನ ಜಗಳ.

ಇಬ್ಬರ ಹತ್ತಿರವೂ ಒಂದೇ ಥರದ ಕಾರು. ಒಂದೇ ಕಂಪನಿ, ಒಂದೇ ಬಣ್ಣ, ನಾಲ್ಕು ಬಾಗಿಲು, ಹಿಂದೆ ಡಿಕ್ಕಿ. ನೋಡಲು ಸಂಸಾರಸ್ಥ, ಓಡಲು ಪುಂಡ. ಅದಕ್ಕೆ ಸ್ಪೋರ್ಟ್ಸ್ ಸೆಡಾನ್ ಎನ್ನಬೇಕಂತೆ. ಬರೀ ಕಾರು ಎಂದರೆ ನಮ್ಮವರಿಗೆ ಊಟ ಸೇರುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ. ನಮ್ಮದು ಆ ಮಾಡೆಲ್ ಬಂದ ಮೊದಲ ವರ್ಷದ್ದು, ಮೈದುನನದು ಮಾರನೇ ವರ್ಷದ್ದು. ಎಂಜಿನ್ ಅದೇ, ಆದರೆ ಮಾರನೇ ವರ್ಷ ಫ್ಯಾಕ್ಟರಿಯವರು ಅದರ ಟ್ಯೂನಿಂಗ್ ಬದಲಾಯಿಸಿಬಿಟ್ಟರು. ನಾನು ಓದಿದವಳಲ್ಲ. ಹೀಗೆ ತಿಳಿದುಕೊಂಡಿದ್ದೇನೆ: ಒಲೆ ಅದೇ, ಬರ್ನರ್ ಅದೇ, ಉರಿ ಮಾತ್ರ ಸಣ್ಣ ಮಾಡಿದರು. ಹೊಗೆ ಕಡಿಮೆ, ಸದ್ದು ಕಡಿಮೆ, ಪೆಟ್ರೋಲೂ ಕಡಿಮೆ. ಜೋರು ಒಂದು ಚೂರು ಕಡಿಮೆ.

ಆ ಒಂದು ಚೂರಿನ ಮೇಲೆ ಇಬ್ಬರೂ ಅರ್ಧ ಆಯುಷ್ಯ ಕಳೆದರು.

"ನಿನ್ನ ಎಂಜಿನ್ನಿಗೆ ಫ್ಯಾಕ್ಟರಿಯೋರೇ ಬಾಯಿಗೆ ಬಟ್ಟೆ ತುರುಕಿ ಕಳಿಸಿದಾರೆ ಕಣೋ," ಎಂದರು ನಮ್ಮವರು ಅವತ್ತು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

"ನಿಂದಕ್ಕೆ ಗೂರಲು ಕಣಣ್ಣ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬೀದಿ ನಾಯಿಗಳೆಲ್ಲ ಎದ್ದು ಕೂರ್ತವೆ," ಎಂದ ಮೈದುನ.

"ಅದು ಗೂರಲಲ್ಲ, ಗತ್ತು."

"ಆ ಗತ್ತಿಗೆ ಒಂದು ಚಮಚ ಕೆಮ್ಮಿನ ಔಷಧಿ ಕುಡಿಸು."

"ನಿಮ್ಮತ್ತಿಗೇನ ಕೇಳೋಣ. ಏನೇ, ಯಾವುದು ಒಳ್ಳೇದು?"

"ಎರಡನ್ನೂ ಗುಜರಿಗೆ ಹಾಕಿ ಬನ್ನಿ. ಹಾಲು ತರೋಕೆ ಸೈಕಲ್ ಸಾಕು," ಎಂದೆ ನಾನು.

ಇಬ್ಬರೂ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ನಾಳೆ ಬೆಳಿಗ್ಗೆ ಬಾ, ಏರಿನ ರಸ್ತೇಲಿ ತೋರಿಸ್ತೀನಿ," ಎಂದು ನಮ್ಮವರು ತಮ್ಮನನ್ನು ಕಳಿಸಿದರು.

ಮಾರನೇ ಬೆಳಿಗ್ಗೆ ಮೈದುನ ಬಂದು ಬೆಲ್ ಒತ್ತಿದ. ಆಗಲೇ ನನಗೆ ಎಚ್ಚರವಾದದ್ದು. ಪಕ್ಕದಲ್ಲಿ ನಮ್ಮವರು ತಣ್ಣಗಾಗಿದ್ದರು. ದಿನಾ ಬೆಳಿಗ್ಗೆ ಅವರು ಸ್ಟಾರ್ಟ್ ಮಾಡುತ್ತಿದ್ದ ಗಾಡಿಯ ಸದ್ದೇ ನನ್ನ ಅಲಾರಂ. ಅದು ಆಗದೆ ನಾನು ಹೊತ್ತು ಮೀರಿ ಮಲಗಿದ್ದೆ.

ಆ ವಿಷಯ ಇಷ್ಟು ಸಾಕು. ಗಾಡಿಯ ವಿಷಯಕ್ಕೆ ಬರುತ್ತೇನೆ.

ಕೆಲವು ತಿಂಗಳು ಅದು ಹೊದಿಕೆ ಹೊದ್ದುಕೊಂಡು ನಿಂತಿತ್ತು. ಮೈದುನ ಬಂದಾಗಲೆಲ್ಲ ಹೊದಿಕೆ ಎತ್ತಿ ನೋಡಿ, ಹೊದಿಸಿ, ಒಳಗೆ ಬಂದು ಕೂರುತ್ತಿದ್ದ. ಒಂದು ದಿನ ಬಾಯಿ ಬಿಟ್ಟ.

"ಅತ್ತಿಗೆ, ನಿಂತ ಗಾಡಿ ಕೆಡುತ್ತೆ. ಮಾರಿಬಿಡೋದು ವಾಸಿ."

ನನಗೆ ಎಲ್ಲಿಂದ ಬಂತೋ ಸಿಟ್ಟು. "ಯಾರೂ ಕೈ ಹಾಕೋದು ಬೇಡ. ಅದನ್ನ ನಾನು ನೋಡ್ಕೋತೀನಿ. ದಿನಾ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡ್ತೀನಿ. ನಿಮ್ಮಣ್ಣ ಇದ್ದಾಗ ಹೆಂಗಿತ್ತೋ ಹಂಗೇ ಇರುತ್ತೆ, ಒಂದು ಕೂದಲು ಆಚೀಚೆ ಆಗಲ್ಲ, ನೋಡ್ತಿರು," ಎಂದೆ. ರಾಣಿಯೊಬ್ಬಳು ಕೋಟೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ ಗಾಡಿಯ ಕೀ ಸಿಕ್ಕಿಸಿಕೊಂಡೆ. ಗಾಡಿ ಓಡಿಸಲು ನನಗೆ ಬಾರದು. ಎಲ್ಲಿಗೂ ಹೋಗಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಆ ಸದ್ದು ಆಗಬೇಕಿತ್ತು, ಅಷ್ಟೇ.

ಮರುದಿನ ಹೋಗಿ ಕೀ ತಿರುಗಿಸಿದೆ. ಟಿಕ್ ಎಂದಿತು. ಮತ್ತೆ ತಿರುಗಿಸಿದೆ. ಟಿಕ್ ಎನ್ನುವುದನ್ನೂ ನಿಲ್ಲಿಸಿತು.

ಮೈದುನನಿಗೆ ಹೇಳಿದರೆ ಮಾನ ಹೋಗುತ್ತದೆ. ನಾನೇ ಕಂಪನಿಯ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಅವರು ಕೊಂಡಿ ಹಾಕಿ ಎಳೆಯುವ ಲಾರಿ ಕಳಿಸಿದರು. ಗಾಡಿ ಮುಂದಿನ ಎರಡು ಕಾಲೆತ್ತಿ ಹೊರಟಿತು. ನಾನು ಲಾರಿ ಡ್ರೈವರನ ಪಕ್ಕ ಕೂತು ಬೀದಿಯವರಿಗೆಲ್ಲ ಕಾಣುವ ಹಾಗೆ ತಲೆಯೆತ್ತಿಕೊಂಡೇ ಹೋದೆ.

ವರ್ಕ್‌ಶಾಪಿನ ಮುಂದಿನ ಕೋಣೆ ತಣ್ಣಗಿತ್ತು. ಗಾಜಿನ ಗೋಡೆಯಾಚೆ ಗಾಡಿಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಟೈ ಕಟ್ಟಿದ ಮ್ಯಾನೇಜರ್ ನನ್ನನ್ನು ಸೋಫಾದ ಮೇಲೆ ಕೂರಿಸಿ ವಿಚಾರಣೆ ಶುರು ಮಾಡಿದ.

"ಆಯಿಲ್ ಬದಲಾಯಿಸೋಣ್ವಾ ಮೇಡಂ?"

"ಬದಲಾಯಿಸಿ."

"ಬ್ಯಾಟರಿ ಹೊಸದು?"

"ಮತ್ತೆ ಹಳೇದು ಹಾಕ್ತೀರಾ?"

"ನಿಮ್ಮದು ಮೊದಲ ವರ್ಷದ ಗಾಡಿ. ಕಂಪನಿಯಿಂದ ಹೊಸ ಟ್ಯೂನಿಂಗ್ ಬಂದಿದೆ, ಪುಕ್ಕಟೆ. ಹಾಕಿಬಿಡಲಾ?"

ಇಲ್ಲಿ ನಾನು ಏನು ಎತ್ತ ಎಂದು ಕೇಳಬೇಕಿತ್ತು. ಆದರೆ ತಲೆ ಆಡಿಸಿ ಆಡಿಸಿ ಅಭ್ಯಾಸವಾಗಿ ಹೋಗಿತ್ತು. ಮೇಲಾಗಿ ಗೊತ್ತಿಲ್ಲದವಳ ಹಾಗೆ ಕಾಣಬಾರದಲ್ಲ. "ಇದನ್ನೂ ಕೇಳ್ಬೇಕೇನ್ರಿ? ಹಾಕಿ," ಎಂದೆ.

"ಗಾಡಿ ಬಗ್ಗೆ ಚೆನ್ನಾಗಿ ತಿಳ್ಕೊಂಡಿದೀರಿ," ಎಂದ ಮ್ಯಾನೇಜರ್. ನಾನು ಸೋಫಾದಲ್ಲಿ ಇನ್ನೂ ಸ್ವಲ್ಪ ಅಗಲವಾಗಿ ಕೂತೆ.

ಗಾಜಿನಾಚೆ ಮೆಕ್ಯಾನಿಕ್ ಗಾಡಿಗೆ ಒಂದು ವೈರು ಚುಚ್ಚಿ ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಗ್ಲೂಕೋಸ್ ಏರಿಸುತ್ತಿದ್ದಾನೆ, ಪಾಪ ನಿತ್ರಾಣವಾಗಿದೆ ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಕರೆದರು. ನಾನು ಒಳಗೆ ಕೂತು ಕೀ ತಿರುಗಿಸಿದೆ. ಏನೂ ಕೇಳಿಸಲಿಲ್ಲ. ಮತ್ತೆ ತಿರುಗಿಸಿದೆ. ಕರ್ರ್ ಎಂದು ಹಲ್ಲು ಕಡಿಯಿತು.

"ಅಮ್ಮಾ, ಬಿಡಿ, ಬಿಡಿ. ಸ್ಟಾರ್ಟ್ ಆಗಿದೆ," ಎಂದು ಮೆಕ್ಯಾನಿಕ್ ಓಡಿ ಬಂದ.

"ಎಲ್ಲಿ ಆಗಿದೆ?"

"ಕೈಯಿಟ್ಟು ನೋಡಿ."

ಬಾನೆಟ್ಟಿನ ಮೇಲೆ ಕೈಯಿಟ್ಟೆ. ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ ಸಣ್ಣಗೆ ನಡುಗುತ್ತಿತ್ತು.

"ಇದು ನಮ್ಮ ಗಾಡಿ ಅಲ್ಲ," ಎಂದೆ.

ಮ್ಯಾನೇಜರ್ ನಂಬರ್ ಪ್ಲೇಟ್ ತೋರಿಸಿದ. ಬಾಗಿಲಿನ ಮೇಲೆ ನಾನೇ ತರಕಾರಿ ಚೀಲದ ಕೊಂಡಿಯಿಂದ ಗೀಚಿದ್ದ ಗೀರು ತೋರಿಸಿದ. ಎಲ್ಲ ನಮ್ಮದೇ.

"ಮೈ ನಮ್ಮದು. ದನಿ ಯಾರದ್ದೋ," ಎಂದೆ.

"ಮಾರನೇ ವರ್ಷದ ಟ್ಯೂನಿಂಗ್ ಹಾಕಿದೀವಲ್ಲ ಮೇಡಂ. ನೀವೇ ಹೂಂ ಅಂದ್ರಿ. ಈಗ ಸದ್ದಿಲ್ಲ, ಹೊಗೆಯಿಲ್ಲ."

"ತೆಗೀರಿ ಅದನ್ನ. ಹಳೇದು ಹಾಕಿ."

"ಹಳೇದು ಕಂಪ್ಯೂಟರಲ್ಲಿ ಇದೆ. ಆದ್ರೆ ಸುಮ್ ಸುಮ್ನೆ ವಾಪಸ್ ಹಾಕೋ ಹಾಗಿಲ್ಲ. ಏನಾದ್ರೂ ತೊಂದರೆ ಆಗಿರಬೇಕು."

"ಆಗಿದೆಯಲ್ಲ. ಸದ್ದಿಲ್ಲ."

"ಸದ್ದಿಲ್ದೇ ಇರೋದು ತೊಂದರೆ ಅಲ್ಲ ಮೇಡಂ."

"ನಿಮ್ಮ ಮನೇಲಿ ಅಲ್ದೇ ಇರಬಹುದು," ಎಂದೆ.

ಮಾನ ಹೋದರೆ ಹೋಗಲಿ ಎಂದು ಮೈದುನನಿಗೆ ಫೋನ್ ಮಾಡಿದೆ. ತನ್ನ ಗಾಡಿಯಲ್ಲೇ ಹಾರಿಕೊಂಡು ಬಂದ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಎರಡರ ಬಾನೆಟ್ಟನ್ನೂ ಎತ್ತಿ, ಡಾಕ್ಟರ ಹಾಗೆ ಒಮ್ಮೆ ಇದಕ್ಕೆ ಕಿವಿ ಕೊಟ್ಟ, ಒಮ್ಮೆ ಅದಕ್ಕೆ.

"ಎರಡೂ ಒಂದೇ ಆಗೋಯ್ತು ಅತ್ತಿಗೆ."

"ಸಂತೋಷ ಪಡಪ್ಪ. ನೀನೇ ಗೆದ್ದೆ."

"ಯಾರ ಹತ್ರ ಗೆದ್ದೆ?" ಎಂದ. ಕೈಯಲ್ಲಿದ್ದ ಎಂಜಿನ್ ಒರೆಸುವ ಬಟ್ಟೆಯಿಂದಲೇ ಮೂಗು ಒರೆಸಿಕೊಂಡ. ಮುಖದ ಮೇಲೆ ದಪ್ಪ ಕಪ್ಪು ಮೀಸೆ ಬಂತು. ಯಾರೂ ಹೇಳಲಿಲ್ಲ. ಆ ಮೀಸೆಯಲ್ಲೇ ಮ್ಯಾನೇಜರನ ಮೇಲೆ ಏರಿ ಹೋದ.

"ಏನ್ರಿ, ನಮ್ಮಣ್ಣನ ಎಂಜಿನ್ ಬಾಯಿಗೆ ಬಟ್ಟೆ ತುರುಕಿದೀರಾ?"

ಹತ್ತು ವರ್ಷ ಆ ಎಂಜಿನ್ನನ್ನು ಗೂರಲು ಎಂದು ಬೈದವನು ಈಗ ಅದರ ವಕೀಲನಾದ. ಆ ಜೋರೇನು, ಆ ಗತ್ತೇನು, ಫ್ಯಾಕ್ಟರಿಯವರು ಮೊದಲ ವರ್ಷ ಧೈರ್ಯವಾಗಿ ಮಾಡಿದ್ದನ್ನು ಮಾರನೇ ವರ್ಷ ಹೆದರಿ ಹಾಳು ಮಾಡಿದರು ಎಂದೆಲ್ಲ ಹೇಳಿದ. ಅಣ್ಣನ ಮಾತನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದ. ಬೇರೆ ಗಿರಾಕಿಗಳು ಕಾಫಿ ಲೋಟ ಹಿಡಿದುಕೊಂಡು ಮುಂದಿನ ಕೋಣೆಯಿಂದ ಒಳಗೆ ಬಂದು ಸುತ್ತ ನಿಂತರು.

ಮ್ಯಾನೇಜರಿಗೂ ಹಟ ಬಂತು. "ಸದ್ದಲ್ಲಿ ಅಷ್ಟು ವ್ಯತ್ಯಾಸ ಇದ್ರೆ ತೋರಿಸಿ. ಇಲ್ಲಿ ಇನ್ನೊಂದು ಮೊದಲ ವರ್ಷದ ಗಾಡಿ ದೀಪ ಒಡೆದುಕೊಂಡು ಬಂದಿದೆ. ಮೇಡಂ ಆ ಕಡೆ ತಿರುಗಿ ನಿಲ್ಲಲಿ. ನಾವು ಒಂದೊಂದೇ ಗಾಡಿ ಸ್ಟಾರ್ಟ್ ಮಾಡ್ತೀವಿ. ಮೊದಲ ವರ್ಷದ್ದು ಯಾವುದು ಅಂತ ಸರಿಯಾಗಿ ಹೇಳಿದ್ರೆ ಹಳೇ ಟ್ಯೂನಿಂಗ್ ವಾಪಸ್. ಹೇಳದೇ ಹೋದ್ರೆ ಹಿಂಗೇ ತಗೊಂಡು ಹೋಗಬೇಕು."

ನನಗೆ ನಗು ಬಂತು. "ನನ್ನ ಕಿವಿಗೆ ಹತ್ತಿ ತುರುಕಿ, ತಲೆ ಮೇಲೆ ಗೋಣಿಚೀಲ ಹಾಕಿ. ಆಗಲೂ ಹೇಳ್ತೀನಿ," ಎಂದೆ.

ಟಯರ್ ಜೋಡಿಸಿಟ್ಟ ಗೋಡೆಯ ಕಡೆ ಮುಖ ಮಾಡಿ ನಿಂತೆ. ಎಲ್ಲರೂ ಸುಮ್ಮನಾದರು. ಹಿಂದೆ ಗಡಗಡ ಎಂದಿತು. ನಡುವೆ ಒಂದು ಕೆಮ್ಮು. ಮತ್ತೆ ಗಡಗಡ. ಅಡುಗೆಮನೆಯ ಡಬ್ಬಿಗಳು ಅಲ್ಲಾಡುವಂಥ ಅದೇ ನಡುಕ. ನನ್ನ ಕಣ್ಣಲ್ಲಿ ನೀರು ಬಂತು.

"ಇದೇ," ಎಂದೆ. "ಇದೇ ನಮ್ಮವರ ಸದ್ದು."

ಯಾರೋ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು.

"ಅಮ್ಮಾ," ಎಂದ ಮೆಕ್ಯಾನಿಕ್ ಮೆಲ್ಲಗೆ, "ನಾವಿನ್ನೂ ಯಾವ ಗಾಡೀನೂ ಸ್ಟಾರ್ಟ್ ಮಾಡಿಲ್ಲ. ಅದು ಟಯರಿಗೆ ಗಾಳಿ ತುಂಬೋ ಕಂಪ್ರೆಸರ್."

ತಿರುಗಿ ನೋಡಿದೆ. ಮೂಲೆಯಲ್ಲಿ ಒಂದು ಕೆಂಪು ಡೋಲು ಕುಣಿಯುತ್ತಿತ್ತು. ಅದಕ್ಕೆ ನಾನು ಅತ್ತಿದ್ದೆ. ಮ್ಯಾನೇಜರ್ ಟೈ ಸರಿ ಮಾಡಿಕೊಂಡ.

ಆಗ ಮೈದುನ ಮುಂದೆ ಬಂದ. "ಅತ್ತಿಗೆ ಹೇಳಿದ್ದು ಸರಿ. ಕಂಪ್ರೆಸರ್ ಥರ ಸದ್ದು ಮಾಡುತ್ತೆ ಅಂತ ನಾನು ಬಾಯಿ ಬಡ್ಕೊಂಡ್ರೂ ಅಣ್ಣ ಒಪ್ತಿರಲಿಲ್ಲ. ಈಗ ಆ ಒಡೆದ ದೀಪದ ಗಾಡಿ ಸ್ಟಾರ್ಟ್ ಮಾಡ್ರಿ. ಕಂಪ್ರೆಸರ್ ಇದ್ದ ಹಾಗೇ ಇರಲಿ."

ಮಾಡಿದರು. ಗಡಗಡದ ಜೊತೆ ಇನ್ನೊಂದು ಗಡಗಡ ಸೇರಿತು. ಕೆಮ್ಮಿನ ಜೊತೆ ಕೆಮ್ಮು. ಎಲ್ಲರೂ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಮ್ಯಾನೇಜರ್ ಬೆವರು ಒರೆಸಿಕೊಂಡು, "ಸಾಕು, ಕಂಪ್ರೆಸರ್ ನಿಲ್ಲಿಸಪ್ಪ," ಎಂದ.

"ಅದು ಗಾಳಿ ತುಂಬಿ ಆಗಲೇ ನಿಂತೋಯ್ತು ಸಾರ್. ಈಗ ಕೇಳ್ತಿರೋದು ಗಾಡಿ ಒಂದೇ."

ಗಿರಾಕಿಗಳು ನಕ್ಕರು. ಮ್ಯಾನೇಜರ್ ನಗಬಾರದೆಂದು ತುಟಿ ಬಿಗಿಹಿಡಿದ, ಆಗಲಿಲ್ಲ. ಮೈದುನ ಮೀಸೆಯೊಳಗೇ ನಕ್ಕ. ಕೊನೆಗೆ ನಾನೂ ನಕ್ಕೆ. ನಮ್ಮವರು ಹೋದ ಮೇಲೆ ಅದೇ ಮೊದಲು.

ಸೋತೆ ಎಂದು ಮ್ಯಾನೇಜರ್ ಕೈಯಾಡಿಸಿದ. ಮತ್ತೆ ವೈರು ಚುಚ್ಚಿದರು. ಹಳೆಯ ಟ್ಯೂನಿಂಗ್ ಒಳಗೆ ಹೋಯಿತು. ಕೀ ತಿರುಗಿಸಿದ ಕೂಡಲೇ ನಮ್ಮ ಗಾಡಿ ಗಂಟಲು ಕೆರೆದುಕೊಂಡು ಎಲ್ಲರ ಮುಖಕ್ಕೆ ಒಂದು ಬಾರಿ ಹೊಗೆ ಬಿಟ್ಟಿತು. ಮೈದುನ ಅದನ್ನು ಮನೆಗೆ ತಂದು ಅದರ ಜಾಗದಲ್ಲಿ ಹಿಂದುಹಿಂದಕ್ಕೆ ಸರಿಸಿ ನಿಲ್ಲಿಸಿ, "ಗೂರಲೇ ಅತ್ತಿಗೆ, ಈಗಲೂ ಹೇಳ್ತೀನಿ," ಎಂದು ಹೋದ.

ಮರುದಿನ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿದೆ. ಕಿಟಕಿ ನಡುಗಿತು. ಗೆದ್ದೆ ಎಂದುಕೊಂಡು ಸೀಟಿಗೆ ಒರಗಿದೆ. ಅಷ್ಟರಲ್ಲಿ ಹಿಂದಿನ ಮನೆಯ ಟೈಲರಮ್ಮ ಕಾಂಪೌಂಡಿನ ಮೇಲಿಂದ ಕೈ ಮಾಡಿ ಕರೆದರು.

"ಬನ್ನಿ ಇಲ್ಲಿ. ಗೋಡೆ ನೋಡಿ."

ಹೋಗಿ ನೋಡಿದೆ. ಗಾಡಿಯ ಹೊಗೆ ಕೊಳವೆಯ ಎದುರಿಗೇ ಅವರ ಬಿಳಿ ಗೋಡೆ. ಅದರ ಮೇಲೆ ಬಾಣಲೆಯ ತಳದಷ್ಟು ಅಗಲ ಮಸಿ.

"ಅಯ್ಯೋ, ಇದೇನು ಹೊಸದಾಗಿ?"

"ಹೊಸದಾ? ಈ ಗಾಡಿ ಬಂದಾಗಿನಿಂದ ಇದೇ ಕಥೆ. ನಿಮ್ಮೆಜಮಾನ್ರು ಗಾಡಿ ಬಿಸಿಯಾಗೋಷ್ಟರಲ್ಲಿ ಬಕೆಟ್ ತಂದು ಒರೆಸಿಬಿಡ್ತಿದ್ರು."

"ನನಗೆ ಒಂದು ಮಾತೂ ಹೇಳಲಿಲ್ಲ."

"ನಾನು ಹೇಳ್ತೀನಿ ಅಂದಿದ್ದೆ. ಬೇಡ ತಾಯಿ, ಅವಳಿಗೆ ಗೊತ್ತಾದ್ರೆ ಹೊಸ ಟ್ಯೂನಿಂಗ್ ಹಾಕಿಸಿಬಿಡ್ತಾಳೆ ಅಂತ ಕೈ ಮುಗಿದ್ರು."

ನಾನು ಒಳಗೆ ಹೋಗಿ ಬಕೆಟ್ ತಂದೆ.

ಈಗ ದಿನಾ ಬೆಳಿಗ್ಗೆ ಅದೇ ಕೆಲಸ. ಗಾಡಿ ಸ್ಟಾರ್ಟ್ ಮಾಡಿ, ಅದು ಬಿಸಿಯಾಗುವಷ್ಟರಲ್ಲಿ ಗೋಡೆ ಒರೆಸುತ್ತೇನೆ. ಟೈಲರಮ್ಮ ಕಿಟಕಿಯಲ್ಲಿ ಕಾಫಿ ಕುಡಿಯುತ್ತ ಮೇಲ್ವಿಚಾರಣೆ ಮಾಡುತ್ತಾರೆ.

"ಕೆಳಗಡೆ ಬಿಟ್ರಿ," ಎನ್ನುತ್ತಾರೆ. "ಅವರು ಕೆಳಗೂ ಒರೆಸ್ತಿದ್ರು."

ಕೆಳಗೂ ಒರೆಸುತ್ತೇನೆ.