ನಾಲ್ಕು ಚೌಕಗಳ ಮಹಾಸಮರ

ಸಮಸ್ತಾಕ್ಷರಮಾಲಾಧಾರಿಣಿಯಾದ ಎಲೈ ವಾಗ್ದೇವಿಯೇ, ನನ್ನ ನಾಲಿಗೆಯ ಮೇಲೆ ನೆಲೆಸು. ಕಲಿಯುಗದ ಒಂದು ಭಾನುವಾರ, ಮಿರ್ಚಿಪರಿಮಳಭರಿತ ದಾವಣಗೆರೆ ಮಹಾನಗರದಲ್ಲಿ, ಪತ್ರಿಕೆಯ ಪದಬಂಧಕ್ಕಾಗಿ ನಡೆದ ಘೋರ ಸಂಗ್ರಾಮವನ್ನು ಹಾಡುವೆನು.

ನಿವೃತ್ತ ಕನ್ನಡ ಮೇಷ್ಟ್ರು, ಸಕಲಸುಳಿವುಭೇದನವಿಶಾರದ ಚನ್ನವೀರಪ್ಪನವರಿಗೂ ಅವರ ಧರ್ಮಪತ್ನಿ, ಪರ್ಯಾಯಪದಪಾರಂಗತೆ ನೀಲಾಂಬಿಕೆಯವರಿಗೂ ಮದುವೆಯಾದಾಗಿನಿಂದ ಒಂದು ಒಪ್ಪಂದವಿತ್ತು. ಎಡದಿಂದ ಬಲಕ್ಕೆ ಹೋಗುವ ಪದಗಳು ಆಕೆಯವು, ಮೇಲಿನಿಂದ ಕೆಳಕ್ಕೆ ಇಳಿಯುವವು ಆತನವು.

ಅಂದು ಉಳಿದದ್ದು ಆಕೆಯ ಸಾಲಿನ ನಾಲ್ಕೇ ಚೌಕ. ಸುಳಿವು: ‘ಎದುರಿಗಿದ್ದವರ ಬುದ್ಧಿ ಕೆಡಿಸಲು ಎರಚುವುದು’. ಆಕೆ ಎಣ್ಣೆಗೆ ಮಿರ್ಚಿ ಬಜ್ಜಿ ಬಿಟ್ಟು ಬರುವಷ್ಟರಲ್ಲಿ, ಉತ್ತರ ಹೊಳೆದ ಆ ಸೀಸದಕಡ್ಡಿಧುರಂಧರರು ಪರಸೀಮೆಗೆ ನುಗ್ಗಿ ‘ಮಂಕುಬೂದಿ’ ಎಂದು ಬರೆದೇಬಿಟ್ಟಿದ್ದರು.

“ನನ್ನ ಸಾಲು ಯಾಕೆ ತುಂಬಿದ್ರಿ?”

ಸಿಕ್ಕಿಬಿದ್ದ ವೀರರು ಎದೆ ಸೆಟೆಸಿ ಗರ್ಜಿಸಿದರು: “ಹೋದ ವಾರ ನೀನೇ ಅಂದಿದ್ದಿ, ಇನ್ಮೇಲೆ ಅಡ್ಡಸಾಲೂ ನೀವೇ ತುಂಬ್ರಿ ಅಂತ. ಮರ್ತೇನು? ಈಚೀಚೆಗೆ ನಿನಗೇನೂ ನೆನಪಿರಂಗಿಲ್ಲ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.”

ನೀಲಾಂಬಿಕೆಯವರು ಕುರ್ಚಿಯಲ್ಲಿ ಕುಸಿದರು. ಅವರ ತಾಯಿ ಕಡೆಗಾಲದಲ್ಲಿ ಮಕ್ಕಳ ಹೆಸರನ್ನೇ ಮರೆತಿದ್ದರು. ತನಗೂ ಅದೇ ಶುರುವಾಯಿತೇ ಎಂದು ಅವರಿಗೆ ನಿಜವಾಗಿ ಭಯವಾಯಿತು. ಎಷ್ಟು ಕೆದಕಿದರೂ ಆ ಮಾತು ಆಡಿದ ನೆನಪಿಲ್ಲ. ಕೊನೆಗೆ ಮೆಲ್ಲಗೆ ಕೇಳಿದರು: “ನೀವು ಬರೆದ ಆ ಪದದ ಅರ್ಥ ಏನ್ರಿ?”

ಅರ್ಥ ಕೇಳಿದರೆ ಸುಮ್ಮನಿರುವ ಮೇಷ್ಟ್ರು ಎಲ್ಲಿದ್ದಾರೆ? “ಮಂಕುಬೂದಿ ಎರಚೋದು ಅಂದ್ರೆ, ಒಬ್ಬರಿಗೆ ತಮ್ಮ ಬುದ್ಧಿ ಮೇಲೆ ತಮಗೇ ನಂಬಿಕೆ ಹೋಗೋ ಹಂಗೆ ಮಾಡೋದು. ಆಗದೇ ಇದ್ದದ್ದನ್ನ ಆಗೈತಿ ಅಂತ ನಂಬಿಸೋದು. ಅವರು ಇಲ್ಲ ಅಂದ್ರೆ, ನಿನಗೇ ಮರೆವು ಅಂತ…”

ಸಿಂಹಧ್ವನಿ ಅಲ್ಲಿಗೇ ನಿಂತಿತು. ನೀಲಾಂಬಿಕೆಯವರ ಮುಖದಲ್ಲಿ ಬಣ್ಣ ಮರಳಿತು.

“ಸ್ವಂತ ವಾಕ್ಯದಲ್ಲಿ ಬಳಸ್ರಿ.”

ಸಾವಿರಾರು ಮಕ್ಕಳ ಮೇಲೆ ತಾವೇ ಪ್ರಯೋಗಿಸಿದ್ದ ಬ್ರಹ್ಮಾಸ್ತ್ರ ತಿರುಗಿ ಬಂದು ತಾಗಿದಾಗ ಚನ್ನವೀರಪ್ಪನವರು ತಲೆ ತಗ್ಗಿಸಿದರು.

“ನಾನು ನೀಲಾಗೆ ಮಂಕುಬೂದಿ ಎರಚಿದೆ. ನೀ ಹಂಗೆ ಅಂದೇ ಇಲ್ಲ. ನಿನ್ನ ನೆನಪು ಗಟ್ಟಿ ಐತಿ.”

“ಮತ್ತೆ ಸಾರಿನ ಉಪ್ಪು?”

“ಎರಡನೇ ಸಲ ಹಾಕಿದೋನು ನಾನು.”

ಹೀಗೆ ಧರ್ಮ ಜಯಿಸಿತು. ಪರಾಜಿತರು ರಬ್ಬರಿನಿಂದ ನಾಲ್ಕು ಅಕ್ಷರ ಅಳಿಸಿದರು. ವಿಜೇತೆ ಅದೇ ನಾಲ್ಕು ಅಕ್ಷರಗಳನ್ನು ಅದೇ ನಾಲ್ಕು ಚೌಕಗಳಲ್ಲಿ ತಮ್ಮ ಕೈಯಾರೆ ಬರೆದರು. ಅಷ್ಟರಲ್ಲಿ ಸೀದುಹೋಗಿದ್ದ ಮಿರ್ಚಿಗಳನ್ನು ಮೇಷ್ಟ್ರು, ಬಲು ರುಚಿ ಎನ್ನುತ್ತ, ಒಂದೂ ಬಿಡದೆ ತಿಂದರು.